ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ ಬಿಚ್ಚಲು ಬಿಡುವ ಮುನ್ನ ಇದನ್ನು ಓದಿ

ಕಲಬುರಗಿ ಕಡೆ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರಿಗೆ ಒಂದು ಮಾತು. ಗಾಡಿ ಓಡಿಸಿಯೂ ನೋಡದೆ "ಬಾಕ್ಸ್ ಹೋಗ್ಯಾದ್ರಿ, ಇಳಸಬೇಕು" ಅನ್ನುವ ಗ್ಯಾರೇಜಿನಿಂದ ಚಾವಿ ವಾಪಸ್ ಇಸ್ಕೊಂಡು ಬನ್ನಿ.

ನನ್ನದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಹಳೆಯ ಗಾಡಿ. (ಎಎಂಟಿ, ಅಂದರೆ ಮ್ಯಾನುವಲ್ ಬಾಕ್ಸಿಗೇ ಕ್ಲಚ್, ಗೇರ್ ತಾನಾಗಿ ಬದಲಿಸುವ ಯಂತ್ರ ಕೂರಿಸಿದ್ದು, ಬೇರೆ; ಅದರಲ್ಲಿ ಕನ್ವರ್ಟರ್ರೇ ಇರುವುದಿಲ್ಲ.) ಹುಮನಾಬಾದ್ ರಸ್ತೆಯಲ್ಲಿ 60–70ರ ವೇಗದಲ್ಲಿ ಆಕ್ಸಿಲರೇಟರ್ ಹಗುರಾಗಿ ಹಿಡಿದರೆ ರಂಬಲ್ ಸ್ಟ್ರಿಪ್ ಮೇಲೆ ಹೋದಂತೆ ಗಡಗಡ ನಡುಕ. ಜೋರಾಗಿ ಒತ್ತಿದರೆ ಮಾಯ.

ಊರಿನ ಗ್ಯಾರೇಜಿನವರು ಮೊದಲು ಎಂಜಿನ್ನಿನ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಬದಲಿಸಿದರು. ನಡುಕ ಹೋಗಲಿಲ್ಲ. ಸ್ಕ್ಯಾನ್ ಮಾಡಿದ್ದೇವೆ ಅಂದರು, ನಿಜ. ಆದರೆ ಅವರ ಸ್ಕ್ಯಾನರ್ ಎಂಜಿನ್ ಕೋಡ್ ಮಾತ್ರ ಓದುವಂಥದ್ದು, ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಅದು ಹೋಗುವುದೇ ಇಲ್ಲ. ಬಾಕ್ಸ್ ಇಳಿಸಿದರು, ಮತ್ತೆ ಏರಿಸಿದರು. ಆಮೇಲೆ ಡಿ ಹಾಕಿದರೂ ಆರ್ ಹಾಕಿದರೂ ಗಾಡಿ ಕದಲಲಿಲ್ಲ. "ಮೊದಲೇ ಹೇಳೀವಲ್ರಿ ಸಾಹೇಬ್ರ, ಬಾಕ್ಸ್ ಖರಾಬ್ ಅದ. ಸೆಕೆಂಡ್ ಹ್ಯಾಂಡ್ ತರಸ್ತೀವಿ." ತಾನಾಗೇ ಓಡಿಕೊಂಡು ಗ್ಯಾರೇಜಿಗೆ ಬಂದ ಗಾಡಿ ಅದು!

ಫ್ಲಾಟ್‌ಬೆಡ್ ಮೇಲೆ ಹೈದರಾಬಾದಿಗೆ ಕಳಿಸಿದೆ. ಹಗ್ಗ ಕಟ್ಟಿ ಎಳೆಸಬಾರದು; ಎಂಜಿನ್ ಬಂದ್ ಇದ್ದರೆ ಪಂಪ್ ತಿರುಗದೆ ಒಳಗಿನ ಭಾಗಗಳಿಗೆ ಆಯಿಲ್ ಸಿಗುವುದಿಲ್ಲ. ಅಲ್ಲಿನ ಮೇಸ್ತ್ರಿ ಬಾಕ್ಸ್ ಇಳಿಸಿ ಎದುರಿಗೇ ಇಟ್ಟು ತೋರಿಸಿದ: ಆಯಿಲ್ ಪಂಪಿನ ಗೇರ್ ಎರಡು ಹೋಳು. ಕನ್ವರ್ಟರನ್ನು ತಿರುಗಿಸುತ್ತ ತಿರುಗಿಸುತ್ತ ಅದರ ಕತ್ತು ಪಂಪಿಗೆ ಕಚ್ಚುವವರೆಗೆ ಒಳಗೆ ಕೂರಿಸಬೇಕು. ಬಾಕ್ಸ್ ಎಂಜಿನ್ನಿಗೆ ಸೇರಿದ ಮೇಲೂ, ಕನ್ವರ್ಟರಿನ ಬೋಲ್ಟ್ ಹಾಕುವ ಮುನ್ನ, ಅದು ಕೈಯಲ್ಲಿ ಸಲೀಸಾಗಿ ತಿರುಗಬೇಕು. ನಮ್ಮೂರಿನ ಗ್ಯಾರೇಜಿನವರು ಅರ್ಧ ಕೂತದ್ದನ್ನು ಬೋಲ್ಟ್ ಬಿಗಿದು ಒಳಗೆ ನೂಕಿದ್ದರು. ಪಂಪ್ ಒಡೆದರೆ ಗೇರ್ ಹಿಡಿಸುವ ಆಯಿಲ್ ಪ್ರೆಶರ್ ಎಲ್ಲಿಂದ ಬರಬೇಕು?

ಮೂಲ ರೋಗ, ಅಂದರೆ ಆ ನಡುಕ, ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ಚಿನದು (ವೇಗ ಹಿಡಿದ ಮೇಲೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಬೆಸೆಯುವ ಕ್ಲಚ್). ಅದನ್ನು ಕಂಡುಹಿಡಿಯಲು ಪಾನಾ ಮುಟ್ಟುವುದೂ ಬೇಕಿರಲಿಲ್ಲ. ಹಿಂದೆ ಗಾಡಿ ಇಲ್ಲದ ಖಾಲಿ ರಸ್ತೆಯಲ್ಲಿ, ನಡುಕ ಬರುವ ವೇಗದಲ್ಲೇ ಆಕ್ಸಿಲರೇಟರ್ ಹಿಡಿದು, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಬ್ರೇಕ್ ಮುಟ್ಟಬೇಕು. ಲಾಕಪ್ ಬಿಟ್ಟು ಆರ್‌ಪಿಎಂ ಸ್ವಲ್ಪ ಏರುತ್ತದೆ. ಆ ಕ್ಷಣಕ್ಕೆ ನಡುಕ ನಿಂತರೆ ಕನ್ವರ್ಟರ್ ಅಥವಾ ಆಯಿಲ್ ಮೇಲೆ ಅನುಮಾನ. ನಿಲ್ಲದಿದ್ದರೆ ಎಂಜಿನ್, ಮೌಂಟ್, ಆಕ್ಸಲ್ ನೋಡಿಸಿ. ಗೇರ್‌ಬಾಕ್ಸ್ ಓದುವ ಸ್ಕ್ಯಾನರಿನಲ್ಲಿ ಪಿ0741 ಕೋಡ್ ಬಂದರೆ ಅದೂ ಲಾಕಪ್ ಸರಿಯಾಗಿ ಹಿಡಿಯುತ್ತಿಲ್ಲ ಎಂಬ ಸೂಚನೆಯೇ.

ಆಯಿಲ್ ವಿಷಯಕ್ಕೂ ಹುಷಾರು. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇಲ್ಲದ ಬಾಕ್ಸುಗಳಲ್ಲಿ ಎಂಜಿನ್ ಚಾಲೂ ಇಟ್ಟು, ಗಾಡಿ ಕಂಪನಿ ಹೇಳಿದ ಶಾಖದಲ್ಲಿ ಆಯಿಲ್ ಇದ್ದಾಗ ಲೆವೆಲ್ ಪ್ಲಗ್ (ಆಯಿಲ್ ಮಟ್ಟ ನೋಡುವ ಬಿರಡೆ) ತೆಗೆದು ನೋಡಬೇಕು. ಎಷ್ಟೋ ಗಾಡಿಗಳಿಗೆ ಅದು 35–45 ಡಿಗ್ರಿ. ನಮ್ಮ ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಆಯಿಲ್ಲೇ ಅಷ್ಟು ಕಾದಿರುತ್ತದೆ. ಚಾಲೂ ಮಾಡಿದರೆ ಇನ್ನೂ ಏರುತ್ತದೆ. ಹಿಗ್ಗಿದ ಆಯಿಲ್ ಪ್ಲಗ್ಗಿನಿಂದ ಸುರಿಯುವುದನ್ನು ನೋಡಿ "ಜಾಸ್ತಿ ಅದ" ಅಂತ ಇಳಿಸಿಬಿಡುತ್ತಾರೆ, ತಣ್ಣಗಾದ ಮೇಲೆ ಕಮ್ಮಿ ಬೀಳುತ್ತದೆ. ಬೆಳಗಿನ ಜಾವಕ್ಕೇ ಮಾಡಿಸಿ, ಸ್ಕ್ಯಾನರಿನಲ್ಲಿ ಶಾಖ ತೋರಿಸಲು ಹೇಳಿ. ಡಬ್ಬಿ ಮೇಲಿನ ಗ್ರೇಡ್ ಮ್ಯಾನುವಲ್ ಜೊತೆ ನೀವೇ ಹೋಲಿಸಿ. "ಎಲ್ಲಾ ಗಾಡಿಗೂ ನಡೀತದ್ರಿ" ಅಂದರೆ ಕೇಳಬೇಡಿ.

ಊರಿನ ಗ್ಯಾರೇಜಿನವರು ಕೊಟ್ಟ ಬಿಲ್ಲಿನಲ್ಲಿ "ಗೇರ್‌ಬಾಕ್ಸ್ ಕೆಲಸ" ಅಂತ ಒಂದೇ ಸಾಲು ಇದೆ. ಒಡೆದ ಪಂಪ್ ಗೇರನ್ನು ಚೀಲದಲ್ಲಿ ಕಟ್ಟಿ ಇಟ್ಟುಕೊಂಡಿದ್ದೇನೆ. ಫೋಟೊ, ಹೈದರಾಬಾದಿನ ಬಿಲ್ ಸಮೇತ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ವಕೀಲರ ಜೊತೆ ಮಾತಾಡಿದ್ದೇನೆ. ಅದೇ ಗ್ಯಾರೇಜಿನಲ್ಲಿ ಹೀಗೆ ಬಾಕ್ಸ್ ಕೆಡಿಸಿಕೊಂಡವರು ಬೇರೆ ಯಾರಾದರೂ ಇದ್ದರೆ ನನಗೆ ತಿಳಿಸಿ.