ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕೀಳಲು ಬಿಡಬೇಡಿ: ಹಳೆ ಟ್ರ್ಯಾಕ್ಟರ್ ಇರುವವರ ಗಮನಕ್ಕೆ

ಹರಿಹರ ಕಡೆಯ ರೈತರೊಬ್ಬರ ಹಳೆ ಟ್ರ್ಯಾಕ್ಟರ್‌ಗೆ ಆದ ಗತಿ ಇದು. ಮೂಲದಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇದ್ದ ಗಾಡಿ. ಪೂರ್ತಿ ಪೇಂಟ್ ಹೊಡೆಸುವಾಗಲೇ ಡೈನಮೋ ತೆಗೆಸಿ ಅದೇ ಕೆಲಸ ಮಾಡುವ ಹೊಸ ಕಾಲದ ಆಲ್ಟರ್ನೇಟರ್ ಕೂರಿಸಿದ್ದರು. ಅಲ್ಲಿಂದ ಶುರುವಾಯಿತು ನೋಡಿ: ಬೆಳಿಗ್ಗೆ ಸೆಲ್ಫ್ ಒತ್ತಿದರೆ ಕಟಕಟ ಸದ್ದು, ಆಮೇಲೆ ನಾಲ್ಕು ಜನ ಸೇರಿ ತಳ್ಳುವುದು. ಭದ್ರಾ ನಾಲೆಗೆ ನೀರು ಬಿಟ್ಟಿದ್ದರು, ಊರೆಲ್ಲ ಗದ್ದೆಗಿಳಿದಿತ್ತು.

ಅಂಗಡಿಯಲ್ಲಿ ಮೊದಲು ಬ್ಯಾಟರಿ ಹೋಗಿದೆ ಎಂದರು. ಹೊಸದು ಬಂತು, ಅದೂ ಇಳಿಯಿತು. ಆಗ ಅನುಮಾನ ಆಲ್ಟರ್ನೇಟರ್ ಮೇಲೆ ತಿರುಗಿತು. ಎಂಜಿನ್ ಓಡುತ್ತಿರುವಾಗಲೇ, ಹೆಡ್‌ಲೈಟ್ ಹಾಕಿಟ್ಟು, ಬ್ಯಾಟರಿಯ ವೈರ್ ಕಿತ್ತು ನೋಡಿದರು. ಲೈಟ್ ಒಮ್ಮೆ ಝಗ್ಗನೆ ಹೊತ್ತಿ ಆರಿತು. ಬಲ್ಬ್ ಜೊತೆಗೆ ಆಲ್ಟರ್ನೇಟರ್‌ನ ಡಯೋಡ್ ಪ್ಲೇಟ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ), ರೆಗ್ಯುಲೇಟರ್ (ವೋಲ್ಟ್ ಹಿಡಿತದಲ್ಲಿಡುವ ಭಾಗ) ಎರಡೂ ಹೋದವು. ಅವನ್ನು ಬದಲಿಸಿದ ಮೇಲೂ ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ, ಯಾಕೆಂದರೆ ಮೂಲದ ದೋಷವನ್ನು ಯಾರೂ ಮುಟ್ಟಿರಲೇ ಇಲ್ಲ.

ಈ ವೈರ್ ಕೀಳುವ ಪರೀಕ್ಷೆ ಡೈನಮೋ ಕಾಲದ್ದು. ಆಗ ಹೆಚ್ಚೆಂದರೆ ಬಲ್ಬ್ ಹೋಗುತ್ತಿತ್ತು. ಆಲ್ಟರ್ನೇಟರ್‌ನಲ್ಲಿ ಒಳಗೆ ತಿರುಗುವ ಕಾಯಿಲ್, ಅಂದರೆ ರೋಟರ್‌ನ ಕಾಂತಕ್ಷೇತ್ರ ತಕ್ಷಣ ಇಳಿಯುವುದಿಲ್ಲ. ಹರಿಯುತ್ತಿದ್ದ ಕರೆಂಟ್ ತಗೊಳ್ಳಲು ಬ್ಯಾಟರಿ ಇಲ್ಲದೇ ಹೋದರೆ 12 ವೋಲ್ಟ್ ಗಾಡಿಯಲ್ಲೂ ಕ್ಷಣಾರ್ಧ 60ರಿಂದ 100 ವೋಲ್ಟ್‌ವರೆಗೆ ಏರಬಹುದು. ಡಯೋಡ್ ಅಷ್ಟನ್ನು ತಡೆಯದು. ಇಷ್ಟು ಹಾಳು ಮಾಡಿಯೂ ಪರೀಕ್ಷೆಯಿಂದ ತಿಳಿಯುವುದು ಏನೂ ಇಲ್ಲ. ಹಳೆ ಡೀಸೆಲ್ ಎಂಜಿನ್‌ಗೆ ಓಡಲು ಕರೆಂಟೇ ಬೇಕಿಲ್ಲ, ಡೀಸೆಲ್ ಪಂಪ್ ಮೆಕ್ಯಾನಿಕಲ್. ಎಂಜಿನ್ ನಿಲ್ಲಲಿಲ್ಲ, ಹಾಗಾಗಿ ಚಾರ್ಜಿಂಗ್ ಸರಿ ಇದೆ ಅನ್ನುವುದು ಪೆಟ್ರೋಲ್ ಕಾರಿನಿಂದ ಕಲಿತ ಮಾತು.

ಕೊನೆಗೆ ದೋಷ ಸಿಕ್ಕಿದ್ದು ಒಂದು ಸಾದಾ ಮಲ್ಟಿಮೀಟರ್‌ನಲ್ಲಿ. ಎಂಜಿನ್ ಮಧ್ಯಮ ವೇಗದಲ್ಲಿ, ಹೆಡ್‌ಲೈಟ್ ಆನ್. ಆಲ್ಟರ್ನೇಟರ್‌ನಿಂದ ಕರೆಂಟ್ ಹೊರಬರುವ ಬಿ ಪ್ಲಸ್ ಬೋಲ್ಟ್‌ಗೂ ಅದರ ಬಾಡಿಗೂ ನಡುವೆ 14.3 ವೋಲ್ಟ್. ಅಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. ಆದರೆ ಬ್ಯಾಟರಿಯ ಎರಡು ಕಂಬಗಳ ನಡುವೆ 12.7 ಮಾತ್ರ. ಉಳಿದ 1.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಎಲ್ಲಿ? ಬಿ ಪ್ಲಸ್‌ನಿಂದ ಬ್ಯಾಟರಿ ಪಾಸಿಟಿವ್‌ಗೆ ಅಳೆದರೆ 0.2, ಇದು ಸರಿ, 0.3ರೊಳಗಿದ್ದರೆ ಚಿಂತೆಯಿಲ್ಲ. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದರೆ 1.4. ಅಲ್ಲಿ 0.2 ದಾಟಬಾರದು.

ಬ್ಯಾಟರಿ ನೆಗೆಟಿವ್ ಅನ್ನು ಗಾಡಿಯ ಬಾಡಿಗೆ ಸೇರಿಸುವ ಅರ್ಥಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದಾಗ ಗೊತ್ತಾಯಿತು: ಗೇರ್‌ಬಾಕ್ಸ್ ಮೇಲೆ ಪಟ್ಟಿ ಕೂರುವ ಜಾಗಕ್ಕೂ, ಆಲ್ಟರ್ನೇಟರ್ ಬ್ರಾಕೆಟ್‌ನ ಕೆಳಗೂ ದಪ್ಪಗೆ ಪೇಂಟ್. ಬೋಲ್ಟ್‌ನ ಥ್ರೆಡ್ ಮೂಲಕವಷ್ಟೇ ಕರೆಂಟ್ ಹರಿಯುತ್ತಿತ್ತು. ಮಾಡಬೇಕಾದ್ದು ಇಷ್ಟೇ: ಬ್ಯಾಟರಿ ನೆಗೆಟಿವ್ ತೆಗೆದು, ಎಮರಿ ಪೇಪರ್‌ನಲ್ಲಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, *ಬಿಗಿ ಮಾಡಿದ ಮೇಲೆ* ವ್ಯಾಸಲಿನ್ ಸವರುವುದು. ಜೊತೆಗೆ ಆಲ್ಟರ್ನೇಟರ್ ಬಾಡಿಯಿಂದ ನೇರ ಬ್ಯಾಟರಿ ನೆಗೆಟಿವ್‌ಗೆ 10 ಚದರ ಮಿಮೀ ತಾಮ್ರದ ವೈರ್ ಎಳೆದರೆ ಮುಂದೆ ಯಾರು ಎಲ್ಲಿ ಪೇಂಟ್ ಬಳಿದರೂ ಚಾರ್ಜಿಂಗ್‌ಗೆ ಧಕ್ಕೆಯಿಲ್ಲ. ಅರ್ಥಿಂಗ್ ತೀರಾ ಕೆಟ್ಟರೆ ಸೆಲ್ಫ್‌ನ ಕರೆಂಟ್ ಎಕ್ಸಲೇಟರ್ ಕೇಬಲ್ ಹಿಡಿದು ಹರಿದು ಅದನ್ನೇ ಸುಡುವುದೂ ಉಂಟು. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾದರೆ ಬೇರೇನೂ ನೋಡುವ ಮೊದಲು ಪಟ್ಟಿ ನೋಡಿ.

ಅದೇ ಗಾಡಿಯಲ್ಲಿ ಇನ್ನೊಂದು ಎಡವಟ್ಟೂ ಇತ್ತು. ಡ್ಯಾಶ್‌ಬೋರ್ಡ್‌ನ ಚಾರ್ಜಿಂಗ್ ಲೈಟ್‌ಗೆ ಯಾರೋ ಎಲ್‌ಇಡಿ ಹಾಕಿದ್ದರು. ಆ ಲೈಟ್ ಬರೀ ಸೂಚನೆಗೆ ಇರುವುದಲ್ಲ. ಕೀ ಆನ್ ಮಾಡಿದಾಗ ರೋಟರ್‌ಗೆ ಮೊದಲ ಕರೆಂಟ್ ಹೋಗುವುದೇ ಆ ಬಲ್ಬ್ ಮೂಲಕ. ಎಲ್‌ಇಡಿ ಕೆಲವೇ ಮಿಲಿಆಂಪಿಯರ್ ಬಿಡುತ್ತದೆ, ಅದು ಸಾಲದು. ಹಾಗಾಗಿ ಎಂಜಿನ್ ಜೋರಾಗಿ ಎತ್ತುವವರೆಗೆ ಚಾರ್ಜಿಂಗ್ ಶುರುವಾಗುತ್ತಿರಲಿಲ್ಲ. 12 ವೋಲ್ಟ್, 2.2 ವ್ಯಾಟ್‌ನ ಹಳೆ ಬಲ್ಬನ್ನೇ ಹಾಕಿ. ಎಲ್‌ಇಡಿಯೇ ಬೇಕೆಂದು ಹಟ ಇದ್ದರೆ ಅದಕ್ಕೆ ಪ್ಯಾರಲಲ್ ಆಗಿ 68 ಓಮ್, 5 ವ್ಯಾಟ್‌ನ ರೆಸಿಸ್ಟರ್ ಜೋಡಿಸಿ. ಕೀ ಆನ್ ಮಾಡಿದಾಗ ಬಲ್ಬ್ ಹೊತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಕೀ ಆನ್ ಇದ್ದಾಗಲೇ ಹೊತ್ತದಿದ್ದರೆ ಬಲ್ಬ್ ಹೋಗಿರಬೇಕು, ಅದರ ವೈರ್ ತುಂಡಾಗಿರಬೇಕು, ಇಲ್ಲವೇ ಕಾರ್ಬನ್ ಬ್ರಷ್ ಸವೆದಿರಬೇಕು. ಕೆಸರುಗದ್ದೆಯಲ್ಲೂ ಚಳ್ಳಕೆರೆ ಕಡೆಯ ಧೂಳಿನಲ್ಲೂ ಬ್ರಷ್ ಬೇಗ ಸವೆಯುತ್ತದೆ.

ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಬಗ್ಗೆ ಎಲ್ಲರಿಗೂ ಗೊತ್ತು. ಹೆಬ್ಬೆರಳಲ್ಲಿ ಒತ್ತಿದರೆ 10ರಿಂದ 15 ಮಿಮೀ ತಗ್ಗಬೇಕು, ಅಷ್ಟೇ.

ನಿಂತ ಗಾಡಿಯ ಬ್ಯಾಟರಿ ತಾನಾಗಿ ಇಳಿದರೆ ಅದು ಬೇರೆ ಕಥೆ, ಡಯೋಡ್ ಸೋರುತ್ತಿರಬಹುದು. ಎಲ್ಲ ಸ್ವಿಚ್ ಆರಿಸಿ, ನೆಗೆಟಿವ್ ವೈರ್ ತೆಗೆದು, ವೈರ್‌ಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್‌ನಲ್ಲಿಟ್ಟು ನೋಡಿ. ಹಳೆ ಟ್ರ್ಯಾಕ್ಟರ್‌ನಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಒಂದೇ ಆಂಪಿಯರ್ ಸೋರಿದರೂ 75 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಮೂರು ದಿನದಲ್ಲಿ ಬರಿದು. ಮೀಟರ್ ಹೀಗೆ ಇರುವಾಗ ಸೆಲ್ಫ್ ಮುಟ್ಟಬೇಡಿ, ಮೀಟರ್ ಸುಡುತ್ತದೆ. ಆಲ್ಟರ್ನೇಟರ್‌ನ ಬಿ ಪ್ಲಸ್ ವೈರ್ ಬಿಚ್ಚಿದಾಗ ಸೋರಿಕೆ ನಿಂತರೆ ಕಳ್ಳ ಸಿಕ್ಕ ಹಾಗೆ. ಎಂಜಿನ್ ಓಡುವಾಗ ಮೀಟರನ್ನು ಎಸಿಯಲ್ಲಿಟ್ಟು ಡಯೋಡ್ ನೋಡುವ ಕ್ರಮವೂ ಇದೆ, 0.5 ವೋಲ್ಟ್ ದಾಟಿದರೆ ಅನುಮಾನ. ಆದರೆ ತೀರಾ ಅಗ್ಗದ ಮೀಟರ್‌ಗಳು ಬ್ಯಾಟರಿಯ ಡಿಸಿಯನ್ನೇ ಎಸಿ ಎಂದು 28, 30 ತೋರಿಸುತ್ತವೆ. ಕಡ್ಡಿ ಅದಲು ಬದಲು ಮಾಡಿದರೆ ಸೊನ್ನೆ. ಅಂಥ ಮೀಟರ್ ನೋಡಿ ಆಲ್ಟರ್ನೇಟರ್ ಬಿಚ್ಚಿಸಬೇಡಿ.

ಟ್ರೇಲರ್‌ಗೋ ಬಂಪರ್‌ಗೋ ವೆಲ್ಡಿಂಗ್ ಮಾಡಿಸುವಾಗಲೂ ಇದೇ ಡಯೋಡ್ ಬಲಿಯಾಗುತ್ತದೆ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ತೆಗೆದು, ಬಿ ಪ್ಲಸ್ ವೈರನ್ನೂ ಬಿಚ್ಚಿ, ವೆಲ್ಡಿಂಗ್‌ನ ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿಸಿ.

ಡೈನಮೋ ತೆಗೆಸಬೇಕೆಂದಿರುವವರು ಮೊದಲು ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗಿದೆ ನೋಡಿ. ಕೆಲವು ಹಳೆ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ. ಅದನ್ನು ಬದಲಿಸದೆ ಆಲ್ಟರ್ನೇಟರ್ ಜೋಡಿಸಿದರೆ ಡಯೋಡ್ ಆ ಕ್ಷಣವೇ ಸುಡುತ್ತದೆ. ಬ್ಯಾಟರಿಗೆ ಹೋಗುವ ಡೈನಮೋದ ಸಣ್ಣ ವೈರ್ ಸಾಲದು, ಕನಿಷ್ಠ 6 ಚದರ ಮಿಮೀ ಹಾಕಿಸಿ.

ಡೈನಮೋ ಇಟ್ಟುಕೊಳ್ಳುವವರಿಗೆ ಪರೀಕ್ಷೆ ಸುಲಭ. ಡೈನಮೋದ ಡಿ (ಕರೆಂಟ್ ಹೊರಬರುವ), ಎಫ್ (ಫೀಲ್ಡ್ ಕಾಯಿಲ್‌ನ) ಎರಡೂ ವೈರ್ ತೆಗೆದು, ಆ ಎರಡು ಟರ್ಮಿನಲ್‌ಗಳನ್ನು ಬರಿ ತಂತಿಯಿಂದ ಕೂಡಿಸಿ, ಅಲ್ಲಿಂದ ಬಾಡಿಗೆ ವೋಲ್ಟ್ ಅಳೆಯುತ್ತಾ ಎಂಜಿನ್ ವೇಗ ನಿಧಾನ ಏರಿಸಿ. ವೋಲ್ಟ್ ಸಲೀಸಾಗಿ ಏರಿದರೆ ಡೈನಮೋ ಸರಿ, ತಪ್ಪು ಕಟೌಟ್ (ಡೈನಮೋವನ್ನು ಬ್ಯಾಟರಿಗೆ ಜೋಡಿಸಿ ಬಿಡಿಸುವ ಪೆಟ್ಟಿಗೆ) ಅಥವಾ ವೈರಿಂಗ್‌ನದು. ಒಂದು ವೋಲ್ಟ್ ಆಸುಪಾಸಲ್ಲೇ ನಿಂತರೆ ಫೀಲ್ಡ್ ಕಾಯಿಲ್, ನಾಲ್ಕೈದರಲ್ಲಿ ನಿಂತರೆ ಆರ್ಮೇಚರ್, ಏನೂ ಬಾರದಿದ್ದರೆ ಕಾರ್ಬನ್ ಬ್ರಷ್ ನೋಡಿಸಿ. 20 ವೋಲ್ಟ್ ದಾಟುವ ಮೊದಲೇ ಎಕ್ಸಲೇಟರ್ ಇಳಿಸಿ.