ಬೇಕಾದ ತಾಣವೇ ತೆರೆಯದಿದ್ದಾಗ: ನಾಲ್ಕು ಬಗೆಯ ತಡೆಗಳನ್ನು ಬಳಸಿ ನೋಡಿದ ಹೋಲಿಕೆ

ಶಿರಸಿ ಸಮೀಪದ ನಮ್ಮ ಊರಿನಲ್ಲಿ ಕೆಲವರು ಸೇರಿ ನಡೆಸುತ್ತಿರುವ ಓದುಕೋಣೆಯಲ್ಲಿ ಆರು ಕಂಪ್ಯೂಟರುಗಳಿವೆ. ಬೆಳಗಿನ ಹೊತ್ತು ಪಹಣಿ ತೆಗೆಯಲು, ಅರ್ಜಿ ತುಂಬಲು ದೊಡ್ಡವರು ಬರುತ್ತಾರೆ. ಸಂಜೆ ಹೈಸ್ಕೂಲು ಮತ್ತು ಪಿಯು ಮಕ್ಕಳು ಬರುತ್ತಾರೆ. ಮಕ್ಕಳು ಕೂರುವ ಜಾಗವಾದ್ದರಿಂದ ಅಶ್ಲೀಲ ತಾಣಗಳನ್ನೂ ಜೂಜಿನ ಆಟಗಳನ್ನೂ ತಡೆಯುವುದು ಅನಿವಾರ್ಯವಾಗಿತ್ತು. ಕಂಪ್ಯೂಟರುಗಳ ಉಸ್ತುವಾರಿ ನನ್ನದಾಗಿರುವುದರಿಂದ ಕಳೆದ ಮೂರು ವರ್ಷಗಳಲ್ಲಿ ನಾಲ್ಕು ಬಗೆಯ ಏರ್ಪಾಡುಗಳನ್ನು ಒಂದಾದ ಮೇಲೊಂದರಂತೆ ಬಳಸಿದ್ದೇನೆ. ಬೇಡದ ತಾಣಗಳನ್ನು ತಡೆಯುವ ಕೆಲಸವನ್ನು ನಾಲ್ಕೂ ಸುಮಾರಾಗಿ ಮಾಡುತ್ತವೆ. ಅವುಗಳ ನಿಜವಾದ ವ್ಯತ್ಯಾಸ ತಿಳಿಯುವುದು ಅವು ತಪ್ಪಿ ಬೇಕಾದ ತಾಣವನ್ನು ತಡೆದ ದಿನ: ತಡೆದದ್ದು ತಾನೇ ಎಂದು ಅದು ನಮಗೆ ಹೇಳುತ್ತದೆಯೇ, ಮತ್ತು ಆ ಒಂದು ತಾಣವನ್ನಷ್ಟೇ ಬಿಡಿಸಿಕೊಳ್ಳಲು ದಾರಿ ಕೊಡುತ್ತದೆಯೇ ಎಂಬುದರಲ್ಲಿ. ಹಾಗಾಗಿ ಈ ಹೋಲಿಕೆಯನ್ನು ಆ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಈ ಪ್ರಶ್ನೆಗಳು ನನಗೆ ಮುಖ್ಯವಾದದ್ದು ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನದಂದು. ಮೊದಲ ಪಿಯುವಿನ ಹುಡುಗಿಯೊಬ್ಬಳು ಮುಕ್ಕಾಲು ಗಂಟೆ ಕುಳಿತು ಅರ್ಜಿಯನ್ನೆಲ್ಲ ತುಂಬಿ, "ಅಕ್ಕಾ, ಒತ್ತಿದ್ರೆ ಏನೂ ಆಗ್ತಿಲ್ಲ, ನೋಡಿ" ಎಂದು ಕರೆದಳು. ಪುಟ ಪೂರ್ತಿಯಾಗಿ ತೆರೆದಿತ್ತು. ಹೆಸರು, ಆದಾಯ ಪ್ರಮಾಣಪತ್ರದ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಸರಿಯಾಗಿದ್ದವು. ಕೆಳಗಡೆ ಕ್ಯಾಪ್ಚಾ ಚಿತ್ರ (ತುಂಬುತ್ತಿರುವುದು ಮನುಷ್ಯರೇ ಎಂದು ಖಚಿತಪಡಿಸಿಕೊಳ್ಳಲು ತೋರಿಸುವ ಅಕ್ಷರಗಳ ಚಿತ್ರ) ಇರಬೇಕಾದ ಚೌಕದಲ್ಲಿ ಮಾತ್ರ ಏನೂ ಇರಲಿಲ್ಲ, ಬರೀ ಬಿಳಿ. ಕೊನೆಯ ದಿನವಾದ್ದರಿಂದ ಆ ಕಡೆಯ ಸರ್ವರ್ ಮೇಲೆ ಹೊರೆ ಬಿದ್ದಿರಬೇಕೆಂದು ತಿಳಿದು ನಾನು ಅವಳನ್ನು ಅರ್ಧ ಗಂಟೆ ಕಾಯಿಸಿದೆ. ಅಷ್ಟರಲ್ಲಿ ಅವಳೇ ತನ್ನ ಅಣ್ಣನ ಫೋನಿನಲ್ಲಿ ಅದೇ ಪುಟ ತೆರೆದಾಗ ಕ್ಯಾಪ್ಚಾ ಮೊದಲ ಸಲಕ್ಕೇ ಕಾಣಿಸಿತು. ಆ ಚಿತ್ರ ಬೇರೊಂದು ಹೆಸರಿನ ಸರ್ವರಿನಿಂದ ಬರುತ್ತಿತ್ತು, ನಾನು ಹಾಕಿದ್ದ ತಡೆಪಟ್ಟಿಯಲ್ಲಿ ಆ ಹೆಸರಿತ್ತು. ಅರ್ಜಿ ಅಂದೇ ಹೋಯಿತು, ಆದರೆ ಆ ಅರ್ಧ ಗಂಟೆ ಅವಳ ಮುಖ ಹೇಗಿತ್ತೆಂಬುದು ನನಗೆ ಇನ್ನೂ ನೆನಪಿದೆ.

ತಡೆ ಇಡೀ ತಾಣದ ಮೇಲೆ ಬಿದ್ದರೆ ಪತ್ತೆ ಸುಲಭ. ಹೀಗೆ ಪುಟದ ಒಂದು ತುಂಡಿನ ಮೇಲೆ ಬಿದ್ದಾಗ ಯಾರಿಗೂ ಅನುಮಾನ ಬರುವುದಿಲ್ಲ. ಅಂದಿನಿಂದ ಯಾವ ತಾಣ ತೆರೆಯದಿದ್ದರೂ ನಾನು ಮೊದಲು ಮಾಡುವುದು ಒಂದೇ ಕೆಲಸ: ಅದೇ ಪುಟವನ್ನು ವೈಫೈ ಆರಿಸಿದ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡುವುದು. ಅಲ್ಲಿಯೂ ತೆರೆಯದಿದ್ದರೆ ತಪ್ಪು ನಮ್ಮ ತಡೆಯದ್ದಾಗಿರುವ ಸಾಧ್ಯತೆ ಕಡಿಮೆ. ತಾಣವೇ ನಿಂತಿರಬಹುದು, ಅಥವಾ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 69ಎ ಕಲಮಿನಡಿ ಸರ್ಕಾರದ ಆದೇಶದಂತೆ ಇಂಟರ್‌ನೆಟ್ ಕಂಪನಿಗಳೇ ಅದನ್ನು ಮುಚ್ಚಿರಬಹುದು. ಅಲ್ಲಿ ತೆರೆದರೆ ಹುಡುಕಾಟವನ್ನು ನಮ್ಮ ಕೋಣೆಯೊಳಗೆ ಆರಂಭಿಸಬೇಕು. ಆಗ ಬ್ರೌಸರ್ ತೋರಿಸುವ ಸಂದೇಶವನ್ನು ಅಲಕ್ಷಿಸದೆ ಓದಬೇಕು. ಸಂಪರ್ಕ ನಿರಾಕರಿಸಲಾಯಿತು ಎಂದಿದ್ದರೆ ಕಂಪ್ಯೂಟರಿನೊಳಗೇ ಇರುವ ತಾಣಗಳ ವಿಳಾಸಪಟ್ಟಿಯಾದ ಹೋಸ್ಟ್ಸ್ ಕಡತವನ್ನೂ, ಹೆಸರು ಸಿಗಲಿಲ್ಲ ಎಂದಿದ್ದರೆ ತಾಣದ ಹೆಸರಿಗೆ ಅದರ ಅಂಕಿಯ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಸೇವೆಯನ್ನೂ, ಕ್ರೋಮ್‌ನಲ್ಲಿ 'ಬ್ಲಾಕ್ಡ್ ಬೈ ಕ್ಲೈಂಟ್' ಎಂದಿದ್ದರೆ ಬ್ರೌಸರಿಗೆ ಸೇರಿಸಿದ ಎಕ್ಸ್‌ಟೆನ್ಶನ್ನನ್ನೂ ಮೊದಲು ಅನುಮಾನಿಸುತ್ತೇನೆ.

ನಾನು ಮೊದಲು ಬಳಸಿದ್ದು ಹೋಸ್ಟ್ಸ್ ಕಡತವನ್ನು. ವಿಂಡೋಸ್‌ನಲ್ಲಿ ಇದು ಸಿಸ್ಟಮ್32 ಫೋಲ್ಡರಿನೊಳಗೆ, ಡ್ರೈವರ್ಸ್ ಎಂಬುದರಡಿಯ ಇಟಿಸಿ ಫೋಲ್ಡರಿನಲ್ಲಿ ಇರುತ್ತದೆ. ತಾಣದ ಹೆಸರಿಗೆ ಮೊದಲು 127.0.0.1 ಎಂದು ಬರೆದರೆ ಕಂಪ್ಯೂಟರು ಆ ತಾಣವನ್ನು ತನ್ನೊಳಗೇ ಹುಡುಕಿ ಸೋಲುತ್ತದೆ. ದುಡ್ಡು ಬೇಡ, ಹೊಸ ತಂತ್ರಾಂಶ ಬೇಡ, ಯಾವ ಬ್ರೌಸರ್ ತೆರೆದರೂ ಸಾಮಾನ್ಯವಾಗಿ ತಡೆ ಇದ್ದೇ ಇರುತ್ತದೆ. ಆದರೆ ಪತ್ತೆಯ ದೃಷ್ಟಿಯಿಂದ ನಾಲ್ಕರಲ್ಲಿ ಇದೇ ಅತ್ಯಂತ ಕಷ್ಟದ್ದು, ಏಕೆಂದರೆ ಇದು ಯಾವ ದಾಖಲೆಯನ್ನೂ ಇಡುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಪಟ್ಟಿಗಳಲ್ಲಿ ಸಾವಿರಗಟ್ಟಲೆ ಸಾಲುಗಳಿರುತ್ತವೆ, ಅಂಥದೊಂದನ್ನು ನಾನು ಆರೂ ಯಂತ್ರಗಳಿಗೆ ಅಂಟಿಸಿದ್ದೆ. ಕ್ಯಾಪ್ಚಾದ ಘಟನೆ ನಡೆದದ್ದು ಆ ಕಾಲದಲ್ಲೇ. ಪುಟದ ಯಾವ ತುಂಡು ಯಾವ ಹೆಸರಿನಿಂದ ಬರುತ್ತದೆಂದು ಬ್ರೌಸರಿನ ಎಫ್12 ಕೀಲಿ ಒತ್ತಿ, ನೆಟ್‌ವರ್ಕ್ ಪಟ್ಟಿಯಲ್ಲಿ ಕೆಂಪಾಗಿ ಕಾಣುವ ಸಾಲುಗಳನ್ನು ನೋಡಿ, ಆ ಹೆಸರನ್ನು ಕಡತದಲ್ಲಿ ಹುಡುಕಿ, ಆ ಸಾಲು ಲೆಕ್ಕಕ್ಕೆ ಬಾರದಂತೆ ಅದರ ಆರಂಭದಲ್ಲಿ ಹ್ಯಾಶ್ (#) ಚಿಹ್ನೆ ಹಾಕಿ, ಮತ್ತೆ ಇದನ್ನೇ ಉಳಿದ ಐದು ಯಂತ್ರಗಳಲ್ಲಿ ಮಾಡಬೇಕಾಯಿತು. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಕಡತ ಉಳಿಯುವುದಿಲ್ಲ. ಬೇರೆ ಕಡೆ ಉಳಿಸಿ ತಂದರೆ ಬಾಲಕ್ಕೆ ಟಿಎಕ್ಸ್‌ಟಿ ಸೇರಿಕೊಂಡು ಕಡತ ಕೆಲಸಕ್ಕೇ ಬರುವುದಿಲ್ಲ. ಸಾಲು ತೆಗೆದ ಮೇಲೂ ತಾಣ ತೆರೆಯದಿದ್ದರೆ ಬ್ರೌಸರನ್ನು ಪೂರ್ತಿ ಮುಚ್ಚಿ, ಐಪಿಕಾನ್ಫಿಗ್ ಆಜ್ಞೆಯ ಮೂಲಕ ಡಿಎನ್‌ಎಸ್ ಕ್ಯಾಶೆಯನ್ನು (ಹಿಂದೆ ಸಿಕ್ಕ ಉತ್ತರಗಳನ್ನು ಕಂಪ್ಯೂಟರು ನೆನಪಿಟ್ಟುಕೊಂಡಿರುವ ಜಾಗ) ಖಾಲಿ ಮಾಡಬೇಕು. ಇನ್ನೊಂದು ಕೊರತೆಯೆಂದರೆ, ಒಂದೇ ಸಾಲಿನಿಂದ ತಾಣದ ಎಲ್ಲ ಉಪಹೆಸರುಗಳನ್ನೂ ಹಿಡಿಯುವ ನಕ್ಷತ್ರ ಚಿಹ್ನೆ (*) ಇದರಲ್ಲಿ ನಡೆಯುವುದಿಲ್ಲ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸೇರಿದ ಹೆಸರು ಬೇರೆ, ಸೇರದ ಹೆಸರು ಬೇರೆ ಎಂದು ಅದು ಎಣಿಸುತ್ತದೆ. ಒಂದೇ ಯಂತ್ರ, ಹತ್ತಿಪ್ಪತ್ತು ತಾಣ ಎಂಬಷ್ಟಕ್ಕೆ ಇದು ಸಾಕು. ಅದಕ್ಕಿಂತ ದೊಡ್ಡದಕ್ಕೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಎರಡನೆಯದು ಕುಟುಂಬಕ್ಕೆಂದೇ ಇರುವ ಸಾರ್ವಜನಿಕ ಡಿಎನ್‌ಎಸ್. ಕ್ಲೌಡ್‌ಫ್ಲೇರ್ ಕಂಪನಿ 2020ರ ಏಪ್ರಿಲ್ 1ರಂದು ಇದನ್ನು ಆರಂಭಿಸಿತು, 1.1.1.2 ಎಂಬುದು ವೈರಸ್ ಹರಡುವ ತಾಣಗಳನ್ನು ತಡೆಯುತ್ತದೆ, 1.1.1.3 ಎಂಬುದು ಅವುಗಳ ಜೊತೆಗೆ ಅಶ್ಲೀಲ ತಾಣಗಳನ್ನೂ ತಡೆಯುತ್ತದೆ. ರೂಟರಿನಲ್ಲಿ ಒಮ್ಮೆ ಬರೆದರೆ ಇಡೀ ಕೋಣೆಗೆ ಅನ್ವಯ. ಹೊಂದಿಸಲು ನನಗೆ ಐದು ನಿಮಿಷ ಹಿಡಿಯಿತು. ಪತ್ತೆಗೂ ಒಂದು ಒಳ್ಳೆಯ ದಾರಿ ಇದೆ: ಹೆಸರಿಗೆ ಯಾವ ವಿಳಾಸ ಸಿಗುತ್ತದೆಂದು ತೋರಿಸುವ ಎನ್‌ಎಸ್‌ಲುಕಪ್ ಆಜ್ಞೆಯಲ್ಲಿ ತಾಣದ ಹೆಸರು ಬರೆದು, ಜಾಗ ಬಿಟ್ಟು, ಒಮ್ಮೆ 1.1.1.3 ಎಂದೂ ಇನ್ನೊಮ್ಮೆ ಅದೇ ಕಂಪನಿಯ, ತಡೆ ಇಲ್ಲದ 1.1.1.1 ಎಂದೂ ಕೇಳಬೇಕು. ಮೊದಲನೆಯದಕ್ಕೆ 0.0.0.0 ಎಂಬ ಉತ್ತರವೂ ಎರಡನೆಯದಕ್ಕೆ ನಿಜವಾದ ವಿಳಾಸವೂ ಬಂದರೆ ತಡೆದದ್ದು ಯಾರೆಂದು ಅನುಮಾನವೇ ಉಳಿಯುವುದಿಲ್ಲ. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ರೂಟರಿನಲ್ಲಿ ವಿಳಾಸ ಬರೆದಷ್ಟಕ್ಕೆ ನಮಗೆ ವಿನಾಯಿತಿ ಪಟ್ಟಿ ಇಲ್ಲ, ಏನನ್ನು ತಡೆಯಿತೆಂದು ನೋಡಲು ಲಾಗ್ (ದಾಖಲೆ) ಇಲ್ಲ. ವರ್ಗೀಕರಣ ತಪ್ಪಾಗಿದೆಯೆಂದು ಕಂಪನಿಗೆ ಬರೆದು ಕಾಯಬಹುದು, ಇಲ್ಲವೇ ಇಡೀ ತಡೆಯನ್ನು ತೆಗೆಯಬಹುದು. ಈ ಸೇವೆ ಶುರುವಾದ ದಿನವೇ ಎಲ್‌ಜಿಬಿಟಿಕ್ಯೂ ಸಮುದಾಯದ ಮಾಹಿತಿ ತಾಣಗಳು ತಪ್ಪಾಗಿ ತಡೆಗೆ ಸಿಕ್ಕಿದ್ದವು; ಕಂಪನಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡು ಸರಿಪಡಿಸಿತು. ಅಷ್ಟು ಬೇಗ ಸರಿಪಡಿಸಿದ್ದು ಮೆಚ್ಚಬೇಕಾದದ್ದೇ, ಆದರೆ ನಮ್ಮ ಊರಿನ ಸಣ್ಣ ತಾಣವೊಂದು ಹಾಗೆ ಸಿಕ್ಕಿಬಿದ್ದರೆ ಅಷ್ಟೇ ಬೇಗ ಬಿಡುಗಡೆ ಸಿಗುತ್ತದೆಂದು ನಂಬಿ ಕೂರುವಂತಿಲ್ಲ.

ಈ ಬಗೆಯಲ್ಲೇ, ತಡೆದಾಗ ತನ್ನದೊಂದು ತಡೆಪುಟವನ್ನು ತೋರಿಸುವ ಇನ್ನೊಂದು ಸೇವೆಯನ್ನೂ ಎರಡು ವಾರ ಬಳಸಿದೆ. ಹೇಳಿ ತಡೆಯುವುದು ಒಳ್ಳೆಯದಲ್ಲವೇ ಎಂದುಕೊಂಡಿದ್ದೆ. ಆದರೆ ಇಂದು ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕವನ್ನು ಬಳಸುತ್ತವೆ, ಅದರಲ್ಲಿ ತಾಣವು ತನ್ನ ಹೆಸರಿನ ಪ್ರಮಾಣಪತ್ರವನ್ನು ಬ್ರೌಸರಿಗೆ ತೋರಿಸಬೇಕು. ತಡೆಪುಟದ ಪ್ರಮಾಣಪತ್ರವು ಕೇಳಿದ ತಾಣದ ಹೆಸರಿಗೆ ಹೊಂದದೆ ಇರುವುದರಿಂದ, ಬ್ರೌಸರ್ ಆ ಪುಟವನ್ನು ತೋರಿಸುವ ಬದಲು ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಎಂಬ ಎಚ್ಚರಿಕೆಯನ್ನು ತೋರಿಸುತ್ತದೆ. ಮಕ್ಕಳು ಅದನ್ನು ದಾಟಿ ಮುಂದೆ ಹೋಗುವ ಗುಂಡಿಯನ್ನು ಒತ್ತಲು ಕಲಿತರು. ಹಣದ ವ್ಯವಹಾರದ ತಾಣದಲ್ಲಿ ನಿಜವಾಗಿಯೂ ಆ ಎಚ್ಚರಿಕೆ ಬಂದ ದಿನ ಅವರು ಹಾಗೆಯೇ ಒತ್ತಿಬಿಟ್ಟರೆ ಎಂಬ ಭಯದಿಂದ ಅದನ್ನು ತೆಗೆದುಹಾಕಿದೆ.

ಮೂರನೆಯದು ಪೈ-ಹೋಲ್, ಅಂದರೆ ನಮ್ಮ ಜಾಗದಲ್ಲೇ ನಡೆಸುವ, ತಡೆಪಟ್ಟಿ ಇರುವ ಡಿಎನ್‌ಎಸ್ ತಂತ್ರಾಂಶ. ಇದರ ಬಗ್ಗೆ ನನಗೆ ಹೇಳಲು ಹೆಚ್ಚಿದೆ, ಏಕೆಂದರೆ ಈಗಲೂ ಓದುಕೋಣೆಯಲ್ಲಿ ನಡೆಯುತ್ತಿರುವುದು ಇದೇ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಇದನ್ನು ಹಾಕಿ, ಕೋಣೆಯ ಎಲ್ಲ ಯಂತ್ರಗಳೂ ಹೆಸರು ಕೇಳಲು ಇದರ ಬಳಿಗೇ ಬರುವಂತೆ ರೂಟರಿನಲ್ಲಿ ಹೇಳಬೇಕು. ಇದರ ದೊಡ್ಡ ಗುಣ ಅದರ ಲಾಗ್. ಯಾವ ಯಂತ್ರ, ಎಷ್ಟು ಗಂಟೆಗೆ, ಯಾವ ಹೆಸರು ಕೇಳಿತು, ಅದನ್ನು ಬಿಟ್ಟಿತೋ ತಡೆಯಿತೋ ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಪಹಣಿಗೆಂದು ಬಂದ ಹಿರಿಯರೊಬ್ಬರು ನಾಲ್ಕನೇ ಯಂತ್ರದಲ್ಲಿ "ತಂಗೀ, ಇದು ಮುಂದಕ್ಕೇ ಹೋಗೂದಿಲ್ಲ" ಎಂದಾಗ, ನಾನು ಲಾಗ್ ತೆರೆದು ಆ ಯಂತ್ರದ ಕಳೆದ ಒಂದು ನಿಮಿಷದ ಸಾಲುಗಳನ್ನಷ್ಟೇ ನೋಡಿದೆ. ತಡೆಯಾದ ಹೆಸರು ಒಂದೇ ಇತ್ತು. ಪಕ್ಕದ ಅನುಮತಿಯ ಗುಂಡಿ ಒತ್ತಿ, "ಒಂದ್ಸಲ ಮತ್ತೆ ಒತ್ತಿ ನೋಡಿ" ಎಂದೆ, ತೆರೆಯಿತು. ತಡೆದ ಹೆಸರಿಗೆ ಪೈ-ಹೋಲ್ ಕೊಡುವ ಉತ್ತರದ ಆಯುಸ್ಸು ಸಹಜವಾಗಿ ಎರಡೇ ಸೆಕೆಂಡು ಇರುವುದರಿಂದ, ಬಿಡಿಸಿದ ಮೇಲೆ ಕ್ಯಾಶೆಗಾಗಿ ಹೆಚ್ಚು ಕಾಯಬೇಕಿಲ್ಲ. ಯಾವ ತಡೆಪಟ್ಟಿಯಿಂದ ಆ ಹೆಸರು ಬಂದಿದೆಯೆಂದೂ ಹುಡುಕಬಹುದು. ಒಂದೇ ಪಟ್ಟಿ ಪದೇ ಪದೇ ತಪ್ಪು ಮಾಡುತ್ತಿದ್ದರೆ ಆ ಪಟ್ಟಿಯನ್ನೇ ಕೈಬಿಡುವುದು ಸರಿ, ನಾನು ಹಾಗೆ ಎರಡನ್ನು ಬಿಟ್ಟಿದ್ದೇನೆ. 2020ರಲ್ಲಿ ಬಂದ ಐದನೇ ಆವೃತ್ತಿಯಿಂದ ಯಂತ್ರಗಳನ್ನು ಗುಂಪು ಮಾಡುವ ಸೌಲಭ್ಯವೂ ಇದೆ, ಅದರಿಂದ ದೊಡ್ಡವರ ಎರಡು ಯಂತ್ರಗಳಿಗೆ ಹಗುರವಾದ ತಡೆ, ಮಕ್ಕಳ ನಾಲ್ಕಕ್ಕೆ ಬಿಗಿಯಾದ ತಡೆ ಎಂದು ಮಾಡಿದ್ದೇನೆ.

ಇದರ ದೋಷವನ್ನೂ ಮರೆಮಾಚದೆ ಹೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ಹಾಗೆ ದಿಢೀರನೆ ಆರಿದ ಒಂದು ದಿನ ಪೈಯ ಮೆಮೊರಿ ಕಾರ್ಡ್ ಹಾಳಾಯಿತು, ಆರೂ ಯಂತ್ರಗಳಲ್ಲಿ ಯಾವ ತಾಣವೂ ತೆರೆಯದಾಯಿತು. ಇಂಥ ಹೊತ್ತಿನಲ್ಲಿ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಆದ 8.8.8.8ಕ್ಕೆ ಪಿಂಗ್ ಹೊಡೆದು, ಅಂದರೆ ಅದು ಉತ್ತರಿಸುತ್ತದೆಯೇ ಎಂದು ಕೇಳಿ ನೋಡಬೇಕು. ಅಂಕಿಯ ವಿಳಾಸ ಉತ್ತರಿಸಿ ಹೆಸರುಗಳು ಮಾತ್ರ ಸಿಗದಿದ್ದರೆ ಇಂಟರ್‌ನೆಟ್ ಇದೆ, ಡಿಎನ್‌ಎಸ್ ಸತ್ತಿದೆ ಎಂದರ್ಥ. ಆಗ ನಾನೊಂದು ತಪ್ಪು ಮಾಡಿದೆ. ಇನ್ನೊಮ್ಮೆ ಹೀಗಾಗದಿರಲೆಂದು ರೂಟರಿನ ಎರಡನೇ ಡಿಎನ್‌ಎಸ್ ಜಾಗದಲ್ಲಿ 8.8.8.8 ಎಂದು ಬರೆದಿಟ್ಟೆ. ಎರಡನೆಯದು ಮೊದಲನೆಯದು ಸತ್ತಾಗ ಮಾತ್ರ ಬಳಕೆಯಾಗುತ್ತದೆಂದು ನಂಬಿದ್ದೆ. ಯಂತ್ರಗಳು ತಮಗೆ ಬೇಕಾದಾಗ ಅದನ್ನೂ ಕೇಳುತ್ತವೆ. ಅಲ್ಲಿಂದ ಮುಂದೆ ಒಂದೇ ತಾಣ ಈಗ ತಡೆಯಾಗುವುದು, ಐದು ನಿಮಿಷ ಬಿಟ್ಟು ತೆರೆಯುವುದು ಶುರುವಾಯಿತು. ಯಾವಾಗಲೂ ಇರುವ ತೊಂದರೆಗಿಂತ ಹೀಗೆ ಬಂದು ಹೋಗುವ ತೊಂದರೆಯನ್ನು ಹಿಡಿಯುವುದು ಬಹಳ ಕಷ್ಟ, ನನಗೆ ಮೂರು ದಿನ ಬೇಕಾಯಿತು. ಈಗ ಎರಡನೇ ಜಾಗ ಖಾಲಿ ಇದೆ, ಪೈ ಮತ್ತು ರೂಟರ್ ಎರಡೂ ಸಣ್ಣದೊಂದು ಯುಪಿಎಸ್ ಮೇಲಿವೆ. ರೂಟರಿನಲ್ಲಿ ಐಪಿವಿ6 ಎಂಬ ಹೊಸ ಬಗೆಯ ವಿಳಾಸ ವ್ಯವಸ್ಥೆಯೂ ನಡೆಯುತ್ತಿದ್ದರೆ ಅದರ ಡಿಎನ್‌ಎಸ್ ವಿಳಾಸವನ್ನೂ ಬದಲಿಸಬೇಕು, ಇಲ್ಲವಾದರೆ ಇದೇ ಬಗೆಯ ಸೋರಿಕೆ ಅಲ್ಲಿಂದ ಆಗುತ್ತದೆ.

ನಾಲ್ಕನೆಯದು ಬ್ರೌಸರಿನೊಳಗಿನ ಎಕ್ಸ್‌ಟೆನ್ಶನ್‌ಗಳು. ಯುಬ್ಲಾಕ್ ಒರಿಜಿನ್ (ಜಾಹೀರಾತುಗಳನ್ನೂ ಬೇಡದ ತಾಣಗಳನ್ನೂ ತಡೆಯುವಂಥದು) ಮತ್ತು ಲೀಚ್‌ಬ್ಲಾಕ್ ಎರಡನ್ನೂ ಬಳಸಿದ್ದೇನೆ. ತಡೆದದ್ದು ತಾನೇ ಎಂದು ಹೇಳುವುದರಲ್ಲಿ ಇವುಗಳಿಗೆ ಸಾಟಿಯಿಲ್ಲ. ಇಡೀ ಪುಟವನ್ನು ತಡೆದರೆ ಯುಬ್ಲಾಕ್ ತನ್ನ ಹೆಸರನ್ನೂ ತಡೆಗೆ ಕಾರಣವಾದ ನಿಯಮವನ್ನೂ ತೋರಿಸಿ, ತಾತ್ಕಾಲಿಕವಾಗಿ ಬಿಡಲೇ ಶಾಶ್ವತವಾಗಿ ಬಿಡಲೇ ಎಂದು ಕೇಳುತ್ತದೆ. ಪುಟದ ತುಂಡೊಂದು ಕಾಣೆಯಾಗಿದ್ದರೆ ಅದರ ದೊಡ್ಡ ಗುಂಡಿ ಒತ್ತಿ ಆ ತಾಣಕ್ಕೆ ಮಾತ್ರ ತಡೆ ಆರಿಸಿ ನೋಡಬಹುದು. ಕ್ರೋಮ್ ಹಳೆಯ ಎಕ್ಸ್‌ಟೆನ್ಶನ್ ವ್ಯವಸ್ಥೆಯನ್ನು ಕೈಬಿಟ್ಟ ಮೇಲೆ ಅಲ್ಲಿ ಇದರ ಲೈಟ್ ರೂಪವಷ್ಟೇ ಉಳಿದಿದೆ, ಪೂರ್ಣ ರೂಪ ಬೇಕಾದರೆ ಫೈರ್‌ಫಾಕ್ಸ್ ಬಳಸಬೇಕು. ಲೀಚ್‌ಬ್ಲಾಕ್ ಇರುವುದು ನಮ್ಮ ಕಾಲಹರಣವನ್ನು ನಾವೇ ತಡೆದುಕೊಳ್ಳಲು: ಇಂಥ ತಾಣ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಬೇಡ ಎಂದು ಹೊಂದಿಸಬಹುದು. ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಅದನ್ನೇ ಇಟ್ಟುಕೊಂಡಿದ್ದೇನೆ. ಓದುಕೋಣೆಗೆ ಮಾತ್ರ ಇವೆರಡೂ ಸಾಲುವುದಿಲ್ಲ, ಬೇರೆ ಬ್ರೌಸರ್ ತೆರೆದರೆ ತಡೆ ಮುಗಿಯಿತು. ಎಕ್ಸ್‌ಟೆನ್ಶನ್‌ಗಳು ಖಾಸಗಿ (ಇನ್‌ಕಾಗ್ನಿಟೋ) ಕಿಟಕಿಯಲ್ಲಿ ಅನುಮತಿ ಕೊಡದ ಹೊರತು ನಡೆಯುವುದಿಲ್ಲವಾದ್ದರಿಂದ, ಸಾಮಾನ್ಯ ಕಿಟಕಿಯಲ್ಲಿ ತೆರೆಯದ ಪುಟ ಖಾಸಗಿ ಕಿಟಕಿಯಲ್ಲಿ ತೆರೆದರೆ ಮೊದಲು ಇವುಗಳನ್ನೇ ನೋಡಬೇಕು.

ಎರಡು ಮೂರು ತಡೆಗಳನ್ನು ಒಂದರ ಮೇಲೊಂದು ಹಾಕಿಕೊಂಡವರಿಗೆ ಕಷ್ಟ ಹೆಚ್ಚು. ಪೈ-ಹೋಲ್ ಬಂದ ಮೇಲೂ ಆರನೇ ಯಂತ್ರದ ಹೋಸ್ಟ್ಸ್ ಕಡತದಲ್ಲಿ ನನ್ನ ಹಳೆಯ ಸಾಲುಗಳು ಉಳಿದುಕೊಂಡಿದ್ದವು, ಲಾಗ್‌ನಲ್ಲಿ ತಡೆಯೇ ಕಾಣದಿದ್ದರೂ ತಾಣ ತೆರೆಯುತ್ತಿರಲಿಲ್ಲ. ಹೆಸರಿನ ಪ್ರಶ್ನೆ ಲಾಗ್‌ಗೆ ಬಂದೇ ಇಲ್ಲವೆಂದರೆ ತಡೆ ಯಂತ್ರದೊಳಗೇ ಇದೆ, ಇಲ್ಲವೇ ಬ್ರೌಸರಿನಲ್ಲಿ ಯಾರೋ ಸುರಕ್ಷಿತ ಡಿಎನ್‌ಎಸ್ ಎಂಬ ಆಯ್ಕೆಯನ್ನು ಹಾಕಿಕೊಂಡು ಪ್ರಶ್ನೆಯನ್ನು ಬೇರೆಡೆಗೆ ಕಳಿಸುತ್ತಿದ್ದಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಒಂಬತ್ತನೇ ಆವೃತ್ತಿಯಿಂದ ಇರುವ ಪ್ರೈವೇಟ್ ಡಿಎನ್‌ಎಸ್ ಕೂಡ ಇದೇ ಬಗೆಯದು. ಅದರಲ್ಲಿ ಸರ್ವರಿನ ಹೆಸರನ್ನು ತಪ್ಪಾಗಿ ಬರೆದರೆ ಫೋನಿನಲ್ಲಿ ಯಾವ ತಾಣವೂ ತೆರೆಯುವುದಿಲ್ಲ.

ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಇದಕ್ಕೆಲ್ಲ ಸಮಯವಿಲ್ಲ ಎನ್ನುವವರಿಗೆ ನಾನು 1.1.1.3 ಸಾಕೆಂದು ಹೇಳುತ್ತೇನೆ, ಜೊತೆಗೆ ಎನ್‌ಎಸ್‌ಲುಕಪ್ ಆಜ್ಞೆಯನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. ಹತ್ತಾರು ಜನರ ಅರ್ಜಿ, ಫಲಿತಾಂಶ, ಪಹಣಿಗಳು ನಡೆಯುವ ಜಾಗಕ್ಕೆ ಲಾಗ್ ಇಲ್ಲದ ತಡೆಯನ್ನು ಹಾಕಬಾರದು, ಅಲ್ಲಿಗೆ ಪೈ-ಹೋಲ್ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬರೂ ಬೇಕು. ನಮ್ಮಲ್ಲಿ ಪೈಯ ಪಕ್ಕದ ಮೊಳೆಗೆ ಒಂದು ನೋಟ್‌ಪುಸ್ತಕ ತೂಗುಹಾಕಿದ್ದೇವೆ. ಬಿಡಿಸಿದ ಪ್ರತಿ ಹೆಸರು, ತಾರೀಕು, ಯಾರ ಯಾವ ಕೆಲಸಕ್ಕಾಗಿ ಬಿಡಿಸಿದ್ದು ಎಂಬುದು ಅದರಲ್ಲಿದೆ. ಮೊದಲ ಸಾಲಿನಲ್ಲಿರುವುದು ಆ ಹುಡುಗಿಯ ಕ್ಯಾಪ್ಚಾದ ಸರ್ವರಿನ ಹೆಸರು. ಪಟ್ಟಿಗಳನ್ನು ಬದಲಿಸಿದಾಗಲೆಲ್ಲ ನಾನು ಮೊದಲು ಅದನ್ನೇ ತೆರೆದು ನೋಡುತ್ತೇನೆ.