ಸರ್ವರ್ ಎಳೆಯುತ್ತಿತ್ತು: ಸಿಪಿಯು, ರ‍್ಯಾಮ್, ಬ್ಯಾಟರಿ, ಎಸ್‌ಎಸ್‌ಡಿ ನಾಲ್ಕನ್ನೂ ಹಾಕಿ ನೋಡಿದೆ

ಬೆಳಿಗ್ಗೆ ಹತ್ತೂವರೆ ಆಯಿತು ಅಂದರೆ ಫೋನ್. ದಾವಣಗೆರೆಯ ಒಂದು ಪೈಪು-ಫಿಟಿಂಗ್ ಸಗಟು ಅಂಗಡಿಯ ಸರ್ವರ್ ನೋಡಿಕೊಳ್ಳುವವನು ನಾನು. “ಸಾರ್, ಎಂಟರ್ ಹೊಡೆದು ಟೀ ಕುಡ್ಕೊಂಡು ಬಂದ್ರೂ ಬಿಲ್ ಸೇವ್ ಆಗಿರಲ್ಲ” ಅನ್ನುತ್ತಿದ್ದ ಬಿಲ್ಲಿಂಗ್ ಕೌಂಟರಿನ ಹುಡುಗ. ಮಾತು ಸ್ವಲ್ಪ ಜಾಸ್ತಿಯೇ. ಹೋಗಿ ಪಕ್ಕದಲ್ಲಿ ಕೂತು ಮೊಬೈಲಿನ ಸ್ಟಾಪ್‌ವಾಚ್ ಹಿಡಿದರೆ ಒಂದು ಬಿಲ್ಲಿಗೆ 9 ಸೆಕೆಂಡ್. ಆದರೆ ಕೌಂಟರ್ ಮುಂದೆ ಐದು ಜನ ನಿಂತಿರುವಾಗ ಅದು ಟೀ ಕುಡಿದಷ್ಟೇ ಹೊತ್ತು ಅನಿಸುತ್ತದೆ, ಸುಳ್ಳಲ್ಲ. ತಿಂಗಳ ಸ್ಟಾಕ್ ರಿಪೋರ್ಟಿಗೆ 70 ಸೆಕೆಂಡ್ ಹಿಡಿಯುತ್ತಿತ್ತು.

ಮಷಿನ್ ಏನೂ ತೀರಾ ಕಳಪೆಯದಲ್ಲ. 8 ಕೋರಿನ ಒಂದು ಝಿಯಾನ್ ಸಿಪಿಯು, 64 ಜಿಬಿ ರ‍್ಯಾಮ್, ಡಿಸ್ಕುಗಳನ್ನು ಒಟ್ಟು ಸೇರಿಸಿ ನಡೆಸುವ ರೇಡ್ ಕಾರ್ಡಿನ ಮೇಲೆ 7200 ಆರ್‌ಪಿಎಂನ ನಾಲ್ಕು ಹಾರ್ಡ್ ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಹಾಗೆ ಹಂಚಿ ಬರೆಯುವ ಜೋಡಣೆ). ಮೇಲೆ ಇಎಸ್‌ಎಕ್ಸ್‌ಐ, ಅಂದರೆ ಒಂದೇ ಮಷಿನ್ನನ್ನು ಹಲವು ಮಷಿನ್ನುಗಳ ಹಾಗೆ ಹಂಚುವ ವಿಎಂವೇರ್ ಕಂಪನಿಯ ಸಾಫ್ಟ್‌ವೇರ್. ಅದರೊಳಗೆ ನಾಲ್ಕು ವಿಎಂ, ಅಂದರೆ ವರ್ಚುವಲ್ ಮಷಿನ್. ಬಿಲ್ಲಿಂಗ್ ವಿಎಂಗೆ 4 ಸಿಪಿಯು, 16 ಜಿಬಿ. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್, ಅಂದರೆ ದುಡ್ಡು ಕೊಡಬೇಕಿಲ್ಲದ್ದು. ಈ ಕೊನೇ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಾಫ್ಟ್‌ವೇರಿನವರು ರ‍್ಯಾಮ್ ಹಾಕಿಸಿ ಅಂದರು. ಸರ್ವರ್ ಮಾರುವವರು ಹೊಸ ಸರ್ವರೇ ತೊಗೊಳ್ಳಿ ಅಂದರು. ಸಾಹುಕಾರ್ರು ಕೇಳಿದ್ದು ಒಂದೇ: “ಯಾವುದಕ್ಕೆ ದುಡ್ಡು ಹಾಕ್ಬೇಕು, ಅದನ್ನ ಹೇಳ್ರಿ.” ಸರಿ ಅಂತ ಒಂದೊಂದನ್ನೇ ಬದಲಿಸಿ, ಎರಡೆರಡು ದಿನ ಬಿಟ್ಟು, ಅದೇ ಹತ್ತೂವರೆಗೆ ಅದೇ ಎರಡು ಕೆಲಸವನ್ನು ಅಳೆದೆ.

ಮೊದಲು ಸಿಪಿಯು. ಖರ್ಚಿಲ್ಲ, ಕ್ಲಿಕ್ ಮಾಡಿದರೆ ಆಯಿತು. 4 ಇದ್ದದ್ದನ್ನು 8 ಮಾಡಿದೆ. ಬಿಲ್ 9ರಿಂದ 11 ಸೆಕೆಂಡಿಗೆ ಹೋಯಿತು! ಇಎಸ್‌ಎಕ್ಸ್‌ಐ ಒಳಗೆ ಏನಾಗುತ್ತಿದೆ ಅಂತ ತೋರಿಸುವ ಇಎಸ್‌ಎಕ್ಸ್‌ಟಾಪ್ ತೆಗೆದು ನೋಡಿದರೆ ‘ರೆಡಿ’ ಕಾಲಂ ಒಂದೊಂದು ಸಿಪಿಯುಗೆ ಶೇ 12 ತೋರಿಸುತ್ತಿದೆ. ಮೊದಲು ಶೇ 3 ಇತ್ತು. ಕೆಲಸ ಕೈಯಲ್ಲಿದೆ, ಕೂರಲು ಜಾಗ ಇಲ್ಲ, ಹೀಗೆ ಕಾದ ಹೊತ್ತನ್ನು ಆ ಕಾಲಂ ತೋರಿಸುತ್ತದೆ. ಶೇ 5 ದಾಟಿದರೆ ಕಣ್ಣಿಡಬೇಕು, 10 ದಾಟಿದರೆ ತೊಂದರೆ ಅಂತಲೇ ಲೆಕ್ಕ. ನಮ್ಮೂರಿನ ಬೆಣ್ಣೆದೋಸೆ ಹೋಟೆಲಿಗೆ ಭಾನುವಾರ ಬೆಳಿಗ್ಗೆ ಹೋದವರಿಗೆ ಇದು ಗೊತ್ತು. ಇಬ್ಬರು ಹೋದರೆ ಬೇಗ ಜಾಗ ಸಿಗುತ್ತದೆ, ಎಂಟು ಜನ ಹೋದರೆ ಬಾಗಿಲಲ್ಲೇ ನಿಲ್ಲಬೇಕು. ಎಂಟೂ ಜನ ಒಟ್ಟಿಗೇ ಕೂರಬೇಕು ಅನ್ನುವಷ್ಟು ಹಟ ಇಎಸ್‌ಎಕ್ಸ್‌ಐಗೆ ಇಲ್ಲ, ಒಬ್ಬಿಬ್ಬರನ್ನು ಮೊದಲು ಕೂರಿಸುತ್ತದೆ. ಆದರೆ ಮೊದಲು ಕೂತವರು ತೀರಾ ಮುಂದೆ ಹೋದರೆ ಉಳಿದವರು ಬರುವ ತನಕ ಅವರ ಕೈ ಹಿಡಿದು ನಿಲ್ಲಿಸುತ್ತದೆ. ಇರೋದೇ 8 ಕೋರು, ಇನ್ನೂ ಮೂರು ವಿಎಂ ಅದರಲ್ಲೇ ಊಟ ಮಾಡಬೇಕು. ವಾಪಸ್ 4ಕ್ಕೆ ಇಳಿಸಿದೆ.

ಆಮೇಲೆ ರ‍್ಯಾಮ್. 32 ಜಿಬಿ ಹೊಸದಾಗಿ ತರಿಸಿ ಹಾಕಿ, ಬಿಲ್ಲಿಂಗ್ ವಿಎಂಗೆ 16ರ ಬದಲು 32 ಕೊಟ್ಟೆ. ಬಿಲ್ 9, ರಿಪೋರ್ಟ್ 70. ಒಂದು ಸೆಕೆಂಡೂ ಅಲ್ಲಾಡಲಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದರೆ ಅರ್ಧಕ್ಕಿಂತ ಜಾಸ್ತಿ ರ‍್ಯಾಮ್ ಸುಮ್ನೆ ಬಿದ್ದಿದೆ. ಆಗ ಹೊಳೆಯಿತು. ಎಕ್ಸ್‌ಪ್ರೆಸ್ ಆವೃತ್ತಿ ಡೇಟಾ ಇಟ್ಟುಕೊಳ್ಳಲು ಬಳಸುವುದು ಹೆಚ್ಚೆಂದರೆ 1410 ಎಂಬಿ. ನೀವು 32 ಕೊಡಿ, 320 ಕೊಡಿ, ಅದರ ತಟ್ಟೆ ಅಷ್ಟೇ. ಇದನ್ನು ರ‍್ಯಾಮ್ ತರಿಸುವ ಮೊದಲೇ ಓದಬೇಕಿತ್ತು. ಓದಲಿಲ್ಲ, ತಪ್ಪು ನನ್ನದೇ.

ಅದನ್ನು ಓದುವಾಗಲೇ ಪಕ್ಕದ ಸಾಲು ಕಣ್ಣಿಗೆ ಬಿತ್ತು. ಎಕ್ಸ್‌ಪ್ರೆಸ್ ಬಳಸುವುದು ಒಂದು ಸಾಕೆಟ್ (ಸಿಪಿಯು ಚಿಪ್ ಕೂರುವ ಜಾಗ) ಅಥವಾ ನಾಲ್ಕು ಕೋರ್, ಎರಡರಲ್ಲಿ ಯಾವುದು ಕಡಿಮೆಯೋ ಅದು. ಈ ವಿಎಂ ಹಳೇ ಇಎಸ್‌ಎಕ್ಸ್‌ಐನಲ್ಲಿ ಮಾಡಿದ್ದು. ಅಲ್ಲಿ ಬೇರೆ ಏನೂ ಹೇಳದಿದ್ದರೆ ಒಂದು ಸಿಪಿಯು ಅಂದರೆ ಒಂದು ಸಾಕೆಟ್, ಅದರಲ್ಲಿ ಒಂದೇ ಕೋರ್. ಅಂದರೆ ನಾನು 4 ಕೊಟ್ಟರೂ, 8 ಕೊಟ್ಟರೂ ಡೇಟಾಬೇಸ್ ಇಷ್ಟು ದಿನ ಒಂದೇ ಕೋರಿನಲ್ಲಿ ಓಡುತ್ತಿತ್ತು! ವಿಎಂ ಆಫ್ ಮಾಡಿ, ನಾಲ್ಕು ಸಾಕೆಟ್ ಇದ್ದದ್ದನ್ನು ಒಂದು ಸಾಕೆಟ್, ನಾಲ್ಕು ಕೋರ್ ಅಂತ ಬದಲಿಸಿದೆ. ಐದು ನಿಮಿಷದ ಕೆಲಸ. ರಿಪೋರ್ಟ್ 70ರಿಂದ 38 ಸೆಕೆಂಡಿಗೆ ಬಂತು. ಬಿಲ್ ಮಾತ್ರ 8ರಲ್ಲೇ ನಿಂತಿತು.

ಬಿಲ್ ಯಾಕೆ ಇಳಿಯುತ್ತಿಲ್ಲ? ರಿಪೋರ್ಟ್ ಅಂದರೆ ಓದುವುದು, ಲೆಕ್ಕ ಹಾಕುವುದು. ಬಿಲ್ ಸೇವ್ ಅಂದರೆ ಬರೆಯುವುದು. ಲಾಗ್ ಫೈಲಿಗೆ ಬರೆದು, ಡಿಸ್ಕ್ ‘ಆಯ್ತು’ ಅನ್ನುವ ತನಕ ಡೇಟಾಬೇಸ್ ಕಾಯುತ್ತಲೇ ಇರುತ್ತದೆ. ನಮ್ಮ ಸಾಫ್ಟ್‌ವೇರ್ ಬಿಲ್ಲಿನ ಒಂದೊಂದು ಐಟಂಗೂ ಬೇರೆ ಬೇರೆಯಾಗಿ ಕಾಯಿಸುತ್ತಿತ್ತು. ಹಾಗಾಗಿ ಡಿಸ್ಕಿನ ಕಡೆ ತಿರುಗಿದೆ.

ಮೊದಲಿಗೆ ಸಿಕ್ಕಿದ್ದು ಒಂದು ಸ್ನ್ಯಾಪ್‌ಶಾಟ್, ಅಂದರೆ ಬೇಕಾದರೆ ಹಿಂದಕ್ಕೆ ಹೋಗಲು ವಿಎಂನ ಆ ಹೊತ್ತಿನ ಸ್ಥಿತಿ ಹಿಡಿದಿಟ್ಟದ್ದು. ಆಮೇಲೆ ಬರೆದದ್ದೆಲ್ಲ ಬೇರೆ ಫೈಲಿಗೆ ಹೋಗುತ್ತದೆ, ಅದರಿಂದ ಡಿಸ್ಕಿಗೆ ಕೆಲಸ ಜಾಸ್ತಿ. ಐದು ತಿಂಗಳ ಹಿಂದಿನದು, 140 ಜಿಬಿಗೆ ಬೆಳೆದು ಕೂತಿದೆ. ಯಾರಪ್ಪ ಇದನ್ನು ತೆಗೆದವರು ಅಂತ ನೋಡಿದರೆ ನಾನೇ, ಒಂದು ಅಪ್‌ಡೇಟ್‌ಗೆ ಮುಂಚೆ. ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಜಾಸ್ತಿ ಇಡಬೇಡಿ ಅಂತ ವಿಎಂವೇರ್ ಹೇಳುತ್ತದೆ. ನಾನು ಐದು ತಿಂಗಳು ಇಟ್ಟಿದ್ದೆ. ಶನಿವಾರ ಅಂಗಡಿ ಮುಚ್ಚಿದ ಮೇಲೆ ಡಿಲೀಟ್ ಕೊಟ್ಟೆ, ಮುಗಿದಾಗ ಬೆಳಗಿನ ಜಾವ. ಬಿಲ್ 6 ಸೆಕೆಂಡಿಗೆ ಇಳಿಯಿತು.

ಇನ್ನೂ 6. ಇಎಸ್‌ಎಕ್ಸ್‌ಟಾಪಿನ ಡಿಸ್ಕ್ ಪುಟದಲ್ಲಿ ಎರಡು ಅಂಕಿ ನೋಡಬೇಕು. ಕೆಎವಿಜಿ ಅಂದರೆ ಇಎಸ್‌ಎಕ್ಸ್‌ಐ ಒಳಗೆ ಆದ ತಡ, ಡಿಎವಿಜಿ ಅಂದರೆ ಕೆಳಗೆ ಕಾರ್ಡು-ಡಿಸ್ಕಿನಲ್ಲಿ ಆದ ತಡ. ನಮ್ಮಲ್ಲಿ ಕೆಎವಿಜಿ ಒಂದಕ್ಕಿಂತ ಕಡಿಮೆ, ಡಿಎವಿಜಿ 70 ಮಿಲಿಸೆಕೆಂಡ್. 25 ದಾಟಿದರೇ ಚಿಂತೆ ಮಾಡಬೇಕಾದ ಅಂಕಿ ಅದು. ಅಂದರೆ ಇಎಸ್‌ಎಕ್ಸ್‌ಐದ್ದೇನೂ ತಪ್ಪಿಲ್ಲ, ತೊಂದರೆ ಕಬ್ಬಿಣದಲ್ಲೇ. ರೇಡ್ ಕಾರ್ಡಿನ ಟೂಲ್ ಹಾಕಿ ನೋಡಿದೆ. ಬ್ಯಾಟರಿ: ಫೇಲ್ಡ್.

ಆ ಪುಟ್ಟ ಬ್ಯಾಟರಿ ಮಾಡುವ ಕೆಲಸ ಇಷ್ಟು. ಬರೆಯಲು ಬಂದದ್ದನ್ನು ಕಾರ್ಡು ತನ್ನ ಕ್ಯಾಶ್‌ನಲ್ಲಿ (ಕಾರ್ಡಿನ ಮೇಲೇ ಇರುವ ವೇಗದ ಮೆಮೊರಿ) ಇಟ್ಟುಕೊಂಡು ‘ಆಯ್ತು’ ಅಂತ ಹೇಳಿಬಿಡುತ್ತದೆ, ಡಿಸ್ಕಿಗೆ ಆಮೇಲೆ ನಿಧಾನಕ್ಕೆ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಕ್ಯಾಶ್‌ನಲ್ಲಿ ಇರೋದನ್ನು ಬ್ಯಾಟರಿ ಉಳಿಸುತ್ತದೆ. ಬ್ಯಾಟರಿ ಸತ್ತರೆ ಕಾರ್ಡು ಆ ಧೈರ್ಯ ಮಾಡುವುದಿಲ್ಲ, ಒಂದೊಂದನ್ನೂ ಡಿಸ್ಕಿಗೆ ಬರೆದೇ ‘ಆಯ್ತು’ ಅನ್ನುತ್ತದೆ. ಈ ತರಹದ ಒಂದು ಡಿಸ್ಕ್ ಸೆಕೆಂಡಿಗೆ 80ರ ಸುಮಾರು ಕೆಲಸ ಮಾಡುತ್ತದೆ, ನಾಲ್ಕಕ್ಕೆ 320. ರೇಡ್ 5ರಲ್ಲಿ ಒಂದು ಚಿಕ್ಕ ಬರಹಕ್ಕೆ ನಾಲ್ಕು ಕೆಲಸ: ಎರಡು ಓದು, ಎರಡು ಬರಹ. ಭಾಗಿಸಿದರೆ ಸೆಕೆಂಡಿಗೆ 80 ಬರಹ, ಅದೂ ನಾಲ್ಕು ವಿಎಂಗೆ ಸೇರಿ. ಹತ್ತೂವರೆಗೆ ಕೌಂಟರ್ ತುಂಬಿದಾಗ ಇನ್ನೇನಾಗುತ್ತೆ?

ಬ್ಯಾಟರಿ ಇಲ್ಲದಿದ್ದರೂ ಪರವಾಗಿಲ್ಲ, ಕ್ಯಾಶ್ ಬಳಸು ಅಂತ ಕಾರ್ಡಿಗೆ ಬಲವಂತ ಮಾಡುವ ಆಯ್ಕೆಯೂ ಇದೆ. ಭಾನುವಾರ ಟೆಸ್ಟ್‌ಗೆ ಅಂತ ಮಾಡಿ ನೋಡಿದೆ, ಚೆನ್ನಾಗೇ ಓಡಿತು. ಸೋಮವಾರಕ್ಕೆ ಮುಂಚೆ ತೆಗೆದುಬಿಟ್ಟೆ. ಅಲ್ಲಿನ ಯುಪಿಎಸ್ ನಂಬಿ ಬೇರೆಯವರ ಲೆಕ್ಕ-ಪತ್ರ ಪಣಕ್ಕಿಡೋ ಧೈರ್ಯ ನನಗಿಲ್ಲ. ಹೊಸ ಬ್ಯಾಟರಿ ಬಂದು, ಚಾರ್ಜ್ ಆಗಿ, ಕಾರ್ಡು ತಾನಾಗೇ ಹಳೇ ಚಾಳಿಗೆ ಮರಳಿತು. ಬಿಲ್ ಒಂದೂವರೆ ಸೆಕೆಂಡ್. ರಿಪೋರ್ಟ್ 31.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎಸ್‌ಎಸ್‌ಡಿ ಹಾಕಿದರೆ ಇದೆಲ್ಲ ರಗಳೆಯೇ ಇರುತ್ತಿರಲಿಲ್ಲ ಅಲ್ವಾ ಅನ್ನೋ ಹುಳ ತಲೆಯಲ್ಲಿತ್ತು. ಮೊದಲು ಡೆಸ್ಕ್‌ಟಾಪಿಗೆ ಹಾಕುವ ಅಗ್ಗದ್ದೊಂದನ್ನು ತಂದು ಡೇಟಾಬೇಸಿನ ಪ್ರತಿ ಹಾಕಿದೆ. ಶುರುವಿನಲ್ಲಿ ಬಾಣ, ಬ್ಯಾಕಪ್ ರಿಸ್ಟೋರ್ ಅರ್ಧ ಆಗುವಷ್ಟರಲ್ಲಿ ಎತ್ತಿನಗಾಡಿ. ಅದರ ವೇಗದ ಭಾಗ ತುಂಬಿಹೋಗಿತ್ತು. ಕರೆಂಟ್ ಹೋದರೆ ಕಾಪಾಡುವ ಕೆಪಾಸಿಟರೂ ಅದರಲ್ಲಿಲ್ಲ. ಆಮೇಲೆ ಸರ್ವರಿನದ್ದೇ ಎರಡು ಎಸ್‌ಎಸ್‌ಡಿ ತರಿಸಿ ರೇಡ್ 1 ಮಾಡಿದೆ, ಅಂದರೆ ಎರಡರಲ್ಲೂ ಅದೇ ಡೇಟಾ ಇರುವ ಹಾಗೆ. ಬಿಲ್ ಒಂದು ಸೆಕೆಂಡಿಗಿಂತ ಕಡಿಮೆ, ರಿಪೋರ್ಟ್ 9.

ಬ್ಯಾಟರಿ ಮತ್ತು ಎಸ್‌ಎಸ್‌ಡಿ, ಈ ಎರಡರ ನಡುವೆಯೇ ನಿಜವಾದ ಪೈಪೋಟಿ. ಎರಡು ಎಸ್‌ಎಸ್‌ಡಿಗೆ ಕೊಟ್ಟದ್ದು ಬ್ಯಾಟರಿಯ ಹತ್ತು ಪಟ್ಟಿಗೆ ಹತ್ತಿರ. ಕೌಂಟರಿನ ಹುಡುಗನಿಗೆ ಬ್ಯಾಟರಿ ಹಾಕಿದ ದಿನವೇ ಗೊತ್ತಾಗಿ ಫೋನ್ ನಿಂತಿತು, ಎಸ್‌ಎಸ್‌ಡಿ ಹಾಕಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಒಳಗೆ ಕೂರುವ ಅಕೌಂಟೆಂಟ್ ಮೇಡಂಗೆ. ತಿಂಗಳ ಕೊನೆಗೆ ಇಪ್ಪತ್ತು ರಿಪೋರ್ಟ್ ತೆಗೆಯುವವರು ಅವರು. ಬಿಲ್ ಹೊಡೆಯುವುದಷ್ಟೇ ಕೆಲಸ ಆಗಿದ್ದರೆ ನಾನು ಬ್ಯಾಟರಿಗೇ ನಿಲ್ಲಿಸುತ್ತಿದ್ದೆ. ಇಲ್ಲಿ ಮೇಡಂ ಇದ್ದಾರೆ, ಎಸ್‌ಎಸ್‌ಡಿ ಇರಲಿ ಅಂದೆ.

ನಡುವೆ ಆ್ಯಂಟಿವೈರಸ್ ಡೇಟಾಬೇಸ್ ಫೈಲ್ ಮುಟ್ಟದ ಹಾಗೆ ಮಾಡಿದ್ದು, ಬಯಾಸ್‌ನಲ್ಲಿ ಪವರ್ ಉಳಿಸುವ ಸೆಟ್ಟಿಂಗ್ ತೆಗೆದದ್ದು, ಇವೂ ಆದವು. ಫರಕ್ಕು ಇತ್ತು, ಆದರೆ ಸ್ಟಾಪ್‌ವಾಚಿಗೆ ಸಿಗುವಷ್ಟಲ್ಲ.

ಆ 32 ಜಿಬಿ ರ‍್ಯಾಮ್ ಇನ್ನೂ ಅಲ್ಲೇ ಇದೆ. ಈಗ ಅದರಲ್ಲಿ ಪ್ರತಿ ಶುಕ್ರವಾರ ಬ್ಯಾಕಪ್ ರಿಸ್ಟೋರ್ ಮಾಡಿ ನೋಡುವ ಟೆಸ್ಟ್ ವಿಎಂ ಓಡುತ್ತದೆ. ಸಾಹುಕಾರ್ರಿಗೂ ಹಾಗೇ ಹೇಳಿದ್ದೇನೆ. ಬಿಲ್ಲಿಂಗಿಗೆ ಅದರಿಂದ ಏನಾಯಿತು ಅಂತ ಅವರಿನ್ನೂ ಕೇಳಿಲ್ಲ.